ಆರ್ಥರ್ ಬ್ಲೇನಿ ಪರ್ಸಿವಲ್

ಆರ್ಥರ್ ಬ್ಲೇನಿ ಪರ್ಸಿವಲ್ (1874–1940) ಅವರು ಬ್ರಿಟಿಷ್ ಪೂರ್ವ ಆಫ್ರಿಕಾದ, ಅಂದರೆ ಇಂದಿನ ಕೀನ್ಯಾ ದೇಶದ, ಮೊದಲ ತಲೆಮಾರಿನ ವನ್ಯಮೃಗ ರಕ್ಷಣಾಧಿಕಾರಿಗಳಲ್ಲಿ ಪ್ರಮುಖರು. ನಿಸರ್ಗ ಶೋಧಕರಾಗಿ, ಪ್ರಾಣಿ ಮತ್ತು ಪಕ್ಷಿಗಳ ಮಾದರಿಗಳ ಸಂಗ್ರಾಹಕರಾಗಿ, ಲೇಖಕರಾಗಿಯೂ ಅವರು ಪ್ರಸಿದ್ಧರು. ಸುಮಾರು ಎರಡು ದಶಕಗಳ ಕಾಲ ಅಲ್ಲಿನ ಮೃಗ ಇಲಾಖೆಯಲ್ಲಿ ದುಡಿದು 1923ರಲ್ಲಿ ನಿವೃತ್ತರಾದರು. ಪಶ್ಚಿಮ ಕೀನ್ಯಾದ ಕಾಡುಗಳಲ್ಲಿ ಇದೆಯೆಂದು ಹೇಳಲಾಗುತ್ತಿದ್ದ 'ನಂದಿ ಕರಡಿ' ಎಂಬ ನಿಗೂಢ ಪ್ರಾಣಿಯ ಕುರಿತ ವರದಿಗಳನ್ನು ಕೇಳಿ, ಒಂದರೊಡನೊಂದು ಹೋಲಿಸಿ, ತಮ್ಮ ಗ್ರಂಥದಲ್ಲಿ ದಾಖಲಿಸಿದವರಲ್ಲಿ ಅವರೂ ಒಬ್ಬರು. ಹಲವು ಪ್ರಾಣಿ ಪಕ್ಷಿಗಳಿಗೆ ಅವರ ಹೆಸರನ್ನು ಇಡಲಾಗಿದೆ.

ಆರಂಭಿಕ ಜೀವನ ಮತ್ತು ಅರೇಬಿಯಾ ಪ್ರವಾಸ

ಪರ್ಸಿವಲ್ ಅವರು 1874ರಲ್ಲಿ ಜನಿಸಿದರು. ಅವರ ತಮ್ಮ ಫಿಲಿಪ್ ಪರ್ಸಿವಲ್ ಅವರೂ ಮುಂದೆ ಕೀನ್ಯಾದಲ್ಲಿ ನೆಲೆಸಿ, ಹೊರದೇಶದ ಬೇಟೆಗಾರರಿಗೆ ಮಾರ್ಗದರ್ಶಕರಾಗಿ ಹೆಸರಾದರು. ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ ಅವರು 1933–34ರಲ್ಲಿ ಆಫ್ರಿಕಾಕ್ಕೆ ಬಂದಾಗ ಅವರ ಜೊತೆಗಿದ್ದವರು ಫಿಲಿಪ್. ಇದರಿಂದಾಗಿ ಅಣ್ಣ ತಮ್ಮಂದಿರ ಹೆಸರುಗಳು ಬರಹಗಳಲ್ಲಿ ಕಲಸಿಹೋಗುವುದುಂಟು. ಅಣ್ಣ ಸರ್ಕಾರದ ಮೃಗರಕ್ಷಕ. ತಮ್ಮ ವೃತ್ತಿಪರ ಬೇಟೆಗಾರ.

ಬ್ಲೇನಿ ಪರ್ಸಿವಲ್ ಅವರ ಹೆಸರು ವಿಜ್ಞಾನದ ಪುಟಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ದಕ್ಷಿಣ ಅರೇಬಿಯಾದ ಸಂದರ್ಭದಲ್ಲಿ. 1899ರಲ್ಲಿ ಅವರು ಡಾಡ್ಸನ್ ಎಂಬ ಸಂಗ್ರಾಹಕರೊಡನೆ ಏಡನ್ ಬಂದರಿನ ಹಿಂಭಾಗದ ಲಹೆಜ್ ಮೊದಲಾದ ಪ್ರದೇಶಗಳಲ್ಲಿ ಸಂಚರಿಸಿ ಪಕ್ಷಿಗಳನ್ನು ಸಂಗ್ರಹಿಸಿದರು. ಆ ಸಂಗ್ರಹವನ್ನು ಬ್ರಿಟಿಷ್ ಪಕ್ಷಿಶಾಸ್ತ್ರಜ್ಞ ಒಗಿಲ್ವಿ ಗ್ರಾಂಟ್ ಅಧ್ಯಯನ ಮಾಡಿ, ಹಳದಿ ರೆಕ್ಕೆಯ ಒಂದು ಗಟ್ಟಿಕೊಕ್ಕಿನ ಹಕ್ಕಿಯನ್ನು 1900ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ರಿಂಕೊಸ್ಟ್ರೂಥಸ್ ಪರ್ಸಿವಲಿ ಎಂದು ಹೆಸರಿಟ್ಟರು. ಪ್ರಾಣಿಯೊಂದನ್ನು ವಿಜ್ಞಾನ ಒಪ್ಪಬೇಕಾದರೆ ಕಂಡೆನೆಂಬ ಮಾತು ಸಾಲದು, ಪರೀಕ್ಷೆಗೆ ಒಡ್ಡಬಹುದಾದ ಮಾದರಿ ಬೇಕು ಎಂಬುದು ಸಂಗ್ರಾಹಕನ ಮೊದಲ ಪಾಠ. ಪರ್ಸಿವಲ್ ಅವರ ಮುಂದಿನ ಜೀವನವನ್ನು ಅರ್ಥಮಾಡಿಕೊಳ್ಳಲು ಈ ಹಿನ್ನೆಲೆಯನ್ನು ನೆನಪಿನಲ್ಲಿಡಬೇಕು.

ಪೂರ್ವ ಆಫ್ರಿಕಾದಲ್ಲಿ

ಪರ್ಸಿವಲ್ ಅವರು ಪೂರ್ವ ಆಫ್ರಿಕಾಕ್ಕೆ ಬಂದ ಕಾಲದಲ್ಲಿ ಆ ನಾಡಿನ ಸ್ವರೂಪವೇ ಬದಲಾಗುತ್ತಿತ್ತು. ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗಿನ ರೈಲುಮಾರ್ಗದ ಕೆಲಸ 1896ರಲ್ಲಿ ಆರಂಭವಾಗಿ 1901ರಲ್ಲಿ ಸರೋವರದ ದಡವನ್ನು ಮುಟ್ಟಿತು. ಅದನ್ನು ಕಟ್ಟಲು ಭಾರತದಿಂದ ಸುಮಾರು 32,000 ಕೂಲಿಕಾರರನ್ನು ಕರೆದೊಯ್ಯಲಾಗಿತ್ತು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಮಡಿದರು. 1898ರಲ್ಲಿ ತ್ಸಾವೊ ಎಂಬಲ್ಲಿ ಎರಡು ಸಿಂಹಗಳು ಕೂಲಿಕಾರರನ್ನು ಹೊತ್ತೊಯ್ದು ಕಾಮಗಾರಿಯನ್ನೇ ನಿಲ್ಲಿಸಿದ ಪ್ರಸಂಗ ಲೋಕಪ್ರಸಿದ್ಧ. ಆ ಸಿಂಹಗಳನ್ನು ಕೊಂದ ಇಂಜಿನಿಯರ್ ಪ್ಯಾಟರ್ಸನ್ ಅವರೇ ಮುಂದೆ ಕೆಲಕಾಲ ಪರ್ಸಿವಲ್ ಅವರ ಮೇಲಧಿಕಾರಿಯಾದರು.

ರೈಲು ಬಂದ ಮೇಲೆ ಬಿಳಿಯ ವಲಸಿಗರೂ ಬೇಟೆಯ ಹವ್ಯಾಸಿಗಳೂ ಬಂದರು. ಪ್ರಾಣಿಗಳ ಸಂಖ್ಯೆ ಕುಸಿಯಬಹುದೆಂಬ ಭಯ ಆಗಲೇ ಹುಟ್ಟಿತ್ತು. ಆಫ್ರಿಕಾದ ವನ್ಯಪ್ರಾಣಿಗಳ ರಕ್ಷಣೆಯ ಬಗ್ಗೆ ಯುರೋಪಿನ ವಸಾಹತು ರಾಷ್ಟ್ರಗಳು 1900ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆ ಒಪ್ಪಂದ ಪೂರ್ಣವಾಗಿ ಜಾರಿಗೆ ಬರಲಿಲ್ಲ. ಆದರೂ ಬೇಟೆಗೆ ಪರವಾನಗಿ, ಮೀಸಲು ಪ್ರದೇಶ, ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಎಂಬ ಮೂರು ಕ್ರಮಗಳು ವಸಾಹತುಗಳ ಕಾನೂನಿನಲ್ಲಿ ನೆಲೆಯೂರಿದವು. ಈ ಕಾನೂನನ್ನು ನೋಡಿಕೊಳ್ಳಲು ಒಬ್ಬ ಅಧಿಕಾರಿ ಬೇಕಾದಾಗ, 1901ರಲ್ಲಿ, ಆ ಹೊಣೆ ಪರ್ಸಿವಲ್ ಅವರ ಹೆಗಲಿಗೆ ಬಿತ್ತು.

ಮೃಗ ಇಲಾಖೆಯ ಕೆಲಸ

ಮೃಗರಕ್ಷಕ ಎಂಬ ಹೆಸರು ಕೇಳಿ, ಅಂದಿನ ಅಧಿಕಾರಿಯನ್ನು ಇಂದಿನ ಅಭಯಾರಣ್ಯದ ಅಧಿಕಾರಿಯೊಡನೆ ಸಮೀಕರಿಸಬಾರದು. ಪರ್ಸಿವಲ್ ಅವರ ವ್ಯಾಪ್ತಿಗೆ ಎರಡು ಬೃಹತ್ ಮೀಸಲು ಪ್ರದೇಶಗಳು ಸೇರಿದ್ದವು. ರೈಲುಮಾರ್ಗಕ್ಕೂ ಆಗಿನ ಜರ್ಮನ್ ಗಡಿಗೂ ನಡುವಿನ ದಕ್ಷಿಣ ಮೀಸಲು ಒಂದು. ಮರಳುಗಾಡಿನಂತಹ ಉತ್ತರ ಸೀಮೆಯ ಮೀಸಲು ಇನ್ನೊಂದು. ಇಲಾಖೆಯ ಸಿಬ್ಬಂದಿಯೋ ಬೆರಳೆಣಿಕೆಯಷ್ಟು. ಕಾಲ್ನಡಿಗೆ, ಕುದುರೆ, ಹೇಸರಗತ್ತೆ ಇವೇ ಸಂಚಾರದ ಸಾಧನಗಳು. ಪರವಾನಗಿಗಳ ತಪಾಸಣೆ, ಕಳ್ಳಸಾಗಣೆಯ ದಂತದ ಪತ್ತೆ, ಬೆಳೆಗೆ ಬೀಳುವ ಮೃಗಗಳ ನಿಯಂತ್ರಣ, ಮನುಷ್ಯರ ಮೇಲೆ ಬೀಳುವ ಸಿಂಹಗಳ ಬೇಟೆ ಎಲ್ಲವೂ ಒಬ್ಬನದೇ ಕೆಲಸ.

ಅಂದು ಆ ವಸಾಹತಿನಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಭಾರತದ ರೂಪಾಯಿ. ಹೊರಗಿನಿಂದ ಬರುವ ಬೇಟೆಗಾರನ ಪರವಾನಗಿಗೆ 750 ರೂಪಾಯಿ ಶುಲ್ಕವಿದ್ದರೆ, ನೆಲೆಸಿದ ವಲಸಿಗನಿಗೆ 150 ರೂಪಾಯಿ. ಶ್ರೀಮಂತ ಬೇಟೆಗಾರರ ಈ ಹಣ ಸರ್ಕಾರದ ಬೊಕ್ಕಸಕ್ಕೆ ಒಳ್ಳೆಯ ಆದಾಯವಾಗಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಬೇಟೆ ಮತ್ತು ಮಾದರಿ ಸಂಗ್ರಹಕ್ಕೆಂದು ಬಂದ ಮೇಲೆ ಪೂರ್ವ ಆಫ್ರಿಕಾದ ಹೆಸರು ಪ್ರಪಂಚದ ಬೇಟೆಗಾರರ ಬಾಯಲ್ಲಿ ನೆಲೆಸಿತು.

ಕಾನೂನಿನ ಇನ್ನೊಂದು ಮುಖವನ್ನೂ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ತಲೆತಲಾಂತರದಿಂದ ಬೇಟೆಯನ್ನೇ ನಂಬಿ ಬದುಕಿದ್ದ ಒಕಿಯೆಕ್ (ದೊರೊಬೊ) ಮೊದಲಾದ ಜನರಿಗೆ ಇಂತಹ ಶುಲ್ಕ ಕನಸಿನ ಮಾತು. ನಿನ್ನೆಯವರೆಗೆ ಬೇಟೆಗಾರನಾಗಿದ್ದವನು ಕಾನೂನು ಬಂದ ದಿನ ಕಳ್ಳಬೇಟೆಗಾರನೆನಿಸಿದ. ಹಾಗಿದ್ದರೂ ಕಾಡಿನ ಜಾಡು ಹಿಡಿಯಲು, ಹೆಜ್ಜೆ ಗುರುತಿಸಲು ಅಧಿಕಾರಿಗಳು ಅವಲಂಬಿಸಿದ್ದು ಇಂತಹ ಜನರ ಅರಿವನ್ನೇ. ಅತ್ತ ಬಿಳಿಯ ರೈತರು ಜೀಬ್ರಾ, ಸಿಂಹಗಳಿಂದ ತಮಗಾಗುವ ನಷ್ಟಕ್ಕೆ ಇಲಾಖೆಯನ್ನೇ ದೂರುತ್ತಿದ್ದರು. ಸಿಂಹ ಮತ್ತು ಚಿರತೆಗಳು ಆಗ ರಕ್ಷಣೆಗೆ ಅರ್ಹವಾದ ಮೃಗಗಳಾಗಿರದೆ ಪೀಡೆಯ ಪ್ರಾಣಿಗಳೆನಿಸಿದ್ದವು. ಪರ್ಸಿವಲ್ ಅವರೇ ಕುದುರೆಯ ಮೇಲೆ ಸಿಂಹವನ್ನು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದರಲ್ಲಿ ಹೆಸರಾಗಿದ್ದರು. ರಕ್ಷಕನೂ ಬೇಟೆಗಾರನೂ ಒಬ್ಬನೇ ಆಗಿರುವುದು ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಿದರೂ ಆ ಕಾಲದಲ್ಲಿ ಅದು ಸಾಮಾನ್ಯವಾಗಿತ್ತು.

ಇಲಾಖೆಯ ಮುಖ್ಯಸ್ಥರಾಗಿ 1907ರಲ್ಲಿ ಪ್ಯಾಟರ್ಸನ್, ಅವರ ತರುವಾಯ ವೂಸ್ನಮ್ ನೇಮಕಗೊಂಡರು. ವೂಸ್ನಮ್ ಅವರು ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಗಲಿಪೊಲಿಯ ರಣರಂಗದಲ್ಲಿ ಮಡಿದರು. ಬಳಿಕ ಇಲಾಖೆಯ ಹೊಣೆ ಪರ್ಸಿವಲ್ ಅವರದಾಯಿತು. 1920ರಲ್ಲಿ ಪೂರ್ವ ಆಫ್ರಿಕಾ ಸಂರಕ್ಷಿತ ಪ್ರದೇಶವು ಕೀನ್ಯಾ ವಸಾಹತು ಎಂಬ ಹೆಸರು ಪಡೆಯಿತು. ಮೂರು ವರ್ಷಗಳ ನಂತರ ಅವರು ಸೇವೆಯಿಂದ ನಿವೃತ್ತರಾದರು.

ನಿಸರ್ಗ ಇತಿಹಾಸ ಸಂಘ

1909ರಲ್ಲಿ ನೈರೋಬಿಯಲ್ಲಿ ಪೂರ್ವ ಆಫ್ರಿಕಾ ಮತ್ತು ಉಗಾಂಡ ನಿಸರ್ಗ ಇತಿಹಾಸ ಸಂಘ ಸ್ಥಾಪನೆಯಾಯಿತು. ಫ್ರೆಡರಿಕ್ ಜಾಕ್ಸನ್, ಹಾಬ್ಲಿ ಮೊದಲಾದ ಅಧಿಕಾರಿಗಳೊಡನೆ ಪರ್ಸಿವಲ್ ಅವರೂ ಅದರ ಸ್ಥಾಪಕರಲ್ಲಿ ಒಬ್ಬರು. ಹವ್ಯಾಸಿಗಳಾದ ಅಧಿಕಾರಿಗಳು, ಪಾದ್ರಿಗಳು, ವೈದ್ಯರು ತಾವು ಕಂಡದ್ದನ್ನು ಬರೆದು ಪ್ರಕಟಿಸಲು ಸಂಘದ ನಿಯತಕಾಲಿಕ ವೇದಿಕೆಯಾಯಿತು. ಸಂಘವು ಕಟ್ಟಿದ ಸಂಗ್ರಹಾಲಯವೇ ಇಂದಿನ ನೈರೋಬಿ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮೂಲ. ನಂದಿ ಕರಡಿಯ ವಿಚಾರ ವಿದ್ಯಾವಂತ ವಲಯದಲ್ಲಿ ಗಂಭೀರ ಚರ್ಚೆಗೆ ಬಂದದ್ದೂ ಇದೇ ನಿಯತಕಾಲಿಕದಲ್ಲಿ.

ನಂದಿ ಕರಡಿಯ ವಿಚಾರ

ಇಲ್ಲಿ 'ನಂದಿ' ಎಂಬುದು ಪಶ್ಚಿಮ ಕೀನ್ಯಾದ ಎತ್ತರದ ಸೀಮೆಯಲ್ಲಿ ವಾಸಿಸುವ ಒಂದು ಪಶುಪಾಲಕ ಜನಾಂಗದ ಹೆಸರು. ಶಿವನ ವಾಹನಕ್ಕಾಗಲಿ, ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟಕ್ಕಾಗಲಿ ಇದಕ್ಕೆ ಸಂಬಂಧವಿಲ್ಲ. ತಮ್ಮ ನೆಲದಲ್ಲಿ ರೈಲು ಹಾಯುವುದನ್ನು ವಿರೋಧಿಸಿ ನಂದಿ ಜನರು ಹತ್ತು ವರ್ಷಗಳ ಕಾಲ ಬ್ರಿಟಿಷರೊಡನೆ ಹೋರಾಡಿದರು. 1905ರ ಅಕ್ಟೋಬರ್ 19ರಂದು ಅವರ ನಾಯಕ ಕೊಯಿತಾಲೆಲ್ ಅರಪ್ ಸಮೊಯಿ ಅವರನ್ನು ಮಾತುಕತೆಗೆಂದು ಕರೆದು ಬ್ರಿಟಿಷ್ ಸೇನಾಧಿಕಾರಿ ಮೈನರ್ಟ್‌ಜಾಗೆನ್ ಗುಂಡಿಕ್ಕಿ ಕೊಂದ. ನಿಗೂಢ ಪ್ರಾಣಿಯ ಸುದ್ದಿಗಳು ಬಿಳಿಯರ ಬರಹಗಳಿಗೆ ಪ್ರವೇಶಿಸಿದ್ದು ಈ ಸಂಘರ್ಷದ ದಿನಗಳಲ್ಲಿಯೇ.

ಸಹಾರಾದಿಂದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಕರಡಿ ಇಲ್ಲ. ಆದ್ದರಿಂದಲೇ ಕರಡಿಯಂತಹ ಪ್ರಾಣಿಯ ಸುದ್ದಿ ಕುತೂಹಲ ಕೆರಳಿಸಿತು. ಜೆಫ್ರಿ ವಿಲಿಯಮ್ಸ್ ಎಂಬುವರು ವಾಸಿನ್ ಗಿಶು ಪ್ರಸ್ಥಭೂಮಿಯಲ್ಲಿ ಕೆಲವು ವರ್ಷಗಳ ಹಿಂದೆ ತಾವು ಕಂಡ ಒಂದು ಪ್ರಾಣಿಯ ಬಗ್ಗೆ 1912ರಲ್ಲಿ ಸಂಘದ ನಿಯತಕಾಲಿಕದಲ್ಲಿ ಬರೆದರು. ಅದು ಕರಡಿಯ ಹಾಗೆ ಹಿಂಗಾಲಿನ ಮೇಲೆ ಕುಳಿತಿದ್ದು, ಬಳಿಕ ಓರೆಯಾಗಿ ಕುಪ್ಪಳಿಸುತ್ತ ಓಡಿಹೋಯಿತೆಂಬುದು ಅವರ ವರದಿಯ ಸಾರಾಂಶ. ಅದೇ ಕಾಲದಲ್ಲಿ ಹಾಬ್ಲಿ ಅವರು ಇಂತಹ ವರದಿಗಳನ್ನು ಕಲೆಹಾಕಿ ಪ್ರಕಟಿಸಿದರು. 1913ರಲ್ಲಿ ಮಗಾಡಿ ಸರೋವರದ ಕಡೆಗೆ ರೈಲುಹಾದಿ ಹಾಕುತ್ತಿದ್ದ ಇಂಜಿನಿಯರುಗಳಿಂದಲೂ ಗುರುತು ಸಿಗದ ಮೃಗದ, ದೊಡ್ಡ ಹೆಜ್ಜೆಗಳ ಸುದ್ದಿ ಬಂತು. (ಈ ಮಗಾಡಿ ಕೀನ್ಯಾದ ಉಪ್ಪುಸರೋವರ, ಕೆಂಪೇಗೌಡರ ಮಾಗಡಿಯಲ್ಲ.)

ಸ್ಥಳೀಯರಲ್ಲಿ ಈ ಪ್ರಾಣಿಗೆ ಒಂದೇ ಹೆಸರಿರಲಿಲ್ಲ. ಚೆಮೊಸಿಟ್, ಕೆರಿಟ್, ಕರಾವಳಿಯ ಕಡೆ ದುಬಾ ಹೀಗೆ ಹಲವು ಹೆಸರುಗಳು ಬಳಕೆಯಲ್ಲಿದ್ದವು. ಇವುಗಳಲ್ಲಿ ಚೆಮೊಸಿಟ್ ಎಂಬುದು ಮೂಲತಃ ಪ್ರಾಣಿಯೇ ಅಲ್ಲ. ನಂದಿ ಜನರ ಬದುಕಿನ ಬಗ್ಗೆ ಹಾಲಿಸ್ ಅವರು 1909ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ ಅದು ಅರ್ಧ ಮನುಷ್ಯ, ಅರ್ಧ ಪಕ್ಷಿಯ ರೂಪದ, ಒಂಟಿ ಕಾಲಿನ, ರಾತ್ರಿಯಲ್ಲಿ ಬಾಯಿ ದೀಪದಂತೆ ಹೊಳೆಯುವ ಪಿಶಾಚಿ. ದುಬಾ ಎಂಬುದು ಕರಡಿ ಎಂಬರ್ಥದ ಅರಬ್ಬೀ ಪದಕ್ಕೆ ಹತ್ತಿರದ್ದು. ಮಕ್ಕಳ ಕಥೆಯ ಪಿಶಾಚಿ, ದನದ ಹಟ್ಟಿಗೆ ನುಗ್ಗುವ ಮೃಗ, ಬಿಳಿಯರು ದೂರದಿಂದ ಕಂಡ ಆಕೃತಿ ಈ ಮೂರೂ ಒಂದೇ ಹೆಸರಿನಡಿ ಬೆರೆತುಹೋದದ್ದು ಗೊಂದಲಕ್ಕೆ ದೊಡ್ಡ ಕಾರಣ.

ಈ ಸುದ್ದಿಗಳನ್ನು ವಿದ್ಯಾವಂತರು ಏಕೆ ತಳ್ಳಿಹಾಕಲಿಲ್ಲ ಎಂಬುದಕ್ಕೆ ಆ ಕಾಲದ ಹಿನ್ನೆಲೆಯೇ ಉತ್ತರ. ಕಾಂಗೋ ಕಾಡಿನಲ್ಲಿ ಕತ್ತೆಯಂತಹ ಪಟ್ಟೆಯ ಪ್ರಾಣಿಯಿದೆಯೆಂದು ಅಲ್ಲಿನ ಜನ ಹೇಳುತ್ತಿದ್ದ ಮಾತು 1901ರಲ್ಲಿ ನಿಜವಾಯಿತು. ಉಗಾಂಡದ ಆಡಳಿತಗಾರ ಹ್ಯಾರಿ ಜಾನ್‌ಸ್ಟನ್ ಮೊದಲು ಚರ್ಮದ ತುಂಡುಗಳನ್ನು ಲಂಡನ್ನಿಗೆ ಕಳುಹಿಸಿದಾಗ ಅದನ್ನು ಕುದುರೆಯ ಜಾತಿಗೆ ಸೇರಿಸಲಾಯಿತು. ಪೂರ್ಣ ಚರ್ಮವೂ ತಲೆಬುರುಡೆಯೂ ತಲುಪಿದ ಬಳಿಕ ಅದು ಜಿರಾಫೆಯ ಸಂಬಂಧಿ ಎಂದು ಸ್ಪಷ್ಟವಾಗಿ, ಒಕಾಪಿ ಎಂಬ ಹೆಸರು ನಿಂತಿತು. 1904ರಲ್ಲಿ ಕೀನ್ಯಾದ ಕಾಡಿನಿಂದಲೇ ದೈತ್ಯ ಕಾಡುಹಂದಿ ವಿಜ್ಞಾನಕ್ಕೆ ಪರಿಚಯವಾಯಿತು. ಅದರ ಮಾದರಿ ಒದಗಿಸಿದವನು ಮೇಲೆ ಹೇಳಿದ ಮೈನರ್ಟ್‌ಜಾಗೆನ್. ಹೀಗೆ ಜನರ ಬಾಯಿಮಾತು ಎರಡು ಬಾರಿ ಗೆದ್ದಿದ್ದ ಕಾಲದಲ್ಲಿ ಮೂರನೆಯದನ್ನು ಕೇಳದೆ ತಳ್ಳುವುದು ವಿವೇಕವಲ್ಲವೆಂಬ ಭಾವನೆ ಇತ್ತು.

ಪರ್ಸಿವಲ್ ಅವರ ವಿವೇಚನೆ

ಮೃಗಗಳ ಬಗೆಗಿನ ದೂರು, ಸುದ್ದಿ, ವದಂತಿಗಳೆಲ್ಲ ಸಹಜವಾಗಿಯೇ ಮೃಗ ಇಲಾಖೆಯ ಕಿವಿಗೆ ಬೀಳುತ್ತಿದ್ದವು. ಹಟ್ಟಿಯ ಕುರಿಗಳು ಸತ್ತವೆಂದರೆ, ಮನುಷ್ಯನೊಬ್ಬ ರಾತ್ರಿ ಕೊಲ್ಲಲ್ಪಟ್ಟನೆಂದರೆ, ಅಪರಾಧಿ ಯಾವ ಮೃಗವೆಂದು ತಿಳಿಯುವುದು ಹವ್ಯಾಸದ ಪ್ರಶ್ನೆಯಾಗಿರದೆ ಆಡಳಿತದ ಪ್ರಶ್ನೆಯಾಗಿತ್ತು. ಪರ್ಸಿವಲ್ ಅವರು ತಮಗೆ ತಲುಪಿದ ಕಥನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ವಿವರಗಳು ಒಂದಕ್ಕೊಂದು ಬಹಳ ಭಿನ್ನವಾಗಿರುವುದನ್ನು ಗುರುತಿಸಿದರು. ಆದರೆ ಕೆಲವು ಅಂಶಗಳು ಮಾತ್ರ ಮತ್ತೆ ಮತ್ತೆ ಬರುತ್ತಿದ್ದವು: ಪ್ರಾಣಿ ಸಾಕಷ್ಟು ದೊಡ್ಡದು, ಕೆಲವೊಮ್ಮೆ ಹಿಂಗಾಲುಗಳ ಮೇಲೆ ನಿಲ್ಲುತ್ತದೆ, ರಾತ್ರಿ ಸಂಚಾರಿ, ಅತಿ ಉಗ್ರ, ಮನುಷ್ಯರನ್ನೂ ಪ್ರಾಣಿಗಳನ್ನೂ ಕೊಲ್ಲುತ್ತದೆ.

ಅವರ ವಿಧಾನದ ಬೆಲೆ ಇರುವುದು ಇಲ್ಲಿಯೇ. ಹೇಳಿಕೆಗಳಲ್ಲಿ ಸಮಾನವಾದದ್ದನ್ನು ಬೇರ್ಪಡಿಸಿ ದಾಖಲಿಸುವುದು ಒಂದು ಕೆಲಸ. ಅದರಿಂದ ಹೊಸ ಪ್ರಾಣಿಯೊಂದನ್ನು ಘೋಷಿಸುವುದು ಬೇರೆಯೇ ಕೆಲಸ. ಮೊದಲನೆಯದನ್ನು ಮಾಡಿದ ಅವರು ಎರಡನೆಯದಕ್ಕೆ ಮುಂದಾಗಲಿಲ್ಲ. ಬಾವಲಿಯಿಂದ ಹಿಡಿದು ಹಕ್ಕಿಯವರೆಗೆ ಹಲವು ಹೊಸ ಪ್ರಭೇದಗಳ ಮಾದರಿಗಳನ್ನು ಒದಗಿಸಿದ್ದ ಸಂಗ್ರಾಹಕರಿಗೆ ಮಾದರಿಯಿಲ್ಲದ ಪ್ರಾಣಿಯ ಸ್ಥಾನ ಯಾವುದೆಂಬುದು ಚೆನ್ನಾಗಿ ಗೊತ್ತಿತ್ತು.

ಮುಂದಿನ ಚರ್ಚೆ

ಪರ್ಸಿವಲ್ ನಿವೃತ್ತರಾದ ವರ್ಷವೇ, 1923ರಲ್ಲಿ, ಬ್ರಿಟಿಷ್ ಮ್ಯೂಸಿಯಂನ ಪಳೆಯುಳಿಕೆ ತಜ್ಞ ಆಂಡ್ರೂಸ್ ಅವರು ನಂದಿ ಕರಡಿಯ ಕಥೆಗಳ ಹಿಂದೆ ಕ್ಯಾಲಿಕೊಥೀರ್ ಎಂಬ ಪ್ರಾಚೀನ ಪ್ರಾಣಿ ಉಳಿದುಕೊಂಡಿರಬಹುದೇ ಎಂಬ ಊಹೆಯನ್ನು ಮುಂದಿಟ್ಟರು. ಕುದುರೆಯಂತಹ ತಲೆ, ಗೊರಸಿನ ಬದಲು ದೊಡ್ಡ ಉಗುರುಗಳು, ಉದ್ದನೆಯ ಮುಂಗಾಲು, ಇಳಿಜಾರಾದ ಬೆನ್ನು ಅದರ ಲಕ್ಷಣಗಳು. ಆದರೆ ಆ ಪ್ರಾಣಿ ಸಸ್ಯಾಹಾರಿ. ಕೊಲೆಗಡುಕ ಮೃಗದ ವರ್ಣನೆಗೆ ಅದು ಒಪ್ಪುವುದಿಲ್ಲ.

1930ರಲ್ಲಿ ಪ್ರಾಣಿಶಾಸ್ತ್ರಜ್ಞ ಪೋಕಾಕ್ ಅವರು ನಂದಿ ಕರಡಿ ಎಂಬುದು ಚುಕ್ಕೆ ಕತ್ತೆಕಿರುಬವಲ್ಲದೆ ಬೇರೇನೂ ಅಲ್ಲವೆಂಬ ನಿಲುವನ್ನು ತಳೆದರು. ಚುಕ್ಕೆ ಕತ್ತೆಕಿರುಬದ ಮುಂಭಾಗ ಎತ್ತರ, ಹಿಂಭಾಗ ತಗ್ಗು. ಮೂಳೆಯನ್ನೇ ಪುಡಿಮಾಡುವ ದವಡೆ. ಬಣ್ಣವೂ ಒಂದರಿಂದೊಂದಕ್ಕೆ ವ್ಯತ್ಯಾಸ. ಮಲಗಿದ ಮನುಷ್ಯರ ಮೇಲೆ ಬೀಳುವ ಸ್ವಭಾವವೂ ಅದಕ್ಕುಂಟು. ಮಬ್ಬುಗತ್ತಲಲ್ಲಿ ದೊಡ್ಡ ಕತ್ತೆಕಿರುಬವನ್ನು ಕಂಡವನಿಗೆ ಕರಡಿಯ ಭ್ರಮೆಯಾಗುವುದು ಅಸಂಭವವೇನಲ್ಲ. ಗೆದ್ದಲು ತಿನ್ನುವ ಆರ್ಡ್‌ವಾರ್ಕ್, ಸಿಟ್ಟಿಗೆ ಹೆಸರಾದ ರಾಟೆಲ್ (ತರಕರಡಿ) ಇವುಗಳೂ ಕೆಲವು ವರದಿಗಳ ಮೂಲವಾಗಿರಬಹುದೆಂದು ಹೇಳಲಾಗಿದೆ.

ಈ ವಿವರಣೆಗೂ ಒಂದು ಆಕ್ಷೇಪವುಂಟು. ನಂದಿ ಜನರು ತಮ್ಮಲ್ಲಿ ತೀರಿಕೊಂಡವರ ಪೈಕಿ ಬಹುಪಾಲು ಜನರ ದೇಹಗಳನ್ನು ಕತ್ತೆಕಿರುಬಗಳಿಗೇ ಬಿಡುವ ಸಂಪ್ರದಾಯವನ್ನು ಆ ಕಾಲದಲ್ಲಿ ಪಾಲಿಸುತ್ತಿದ್ದರು. ಆ ಪ್ರಾಣಿಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳವಾಗಿದ್ದರು. ಹೊರಗಿನಿಂದ ಬಂದವನು ಕಣ್ತಪ್ಪಿ ಹೇಳಿದ್ದಕ್ಕೂ ಅಲ್ಲಿಯೇ ಹುಟ್ಟಿ ಬೆಳೆದವನು ಹೇಳಿದ್ದಕ್ಕೂ ಒಂದೇ ಅಳತೆಗೋಲು ಸಲ್ಲುವುದಿಲ್ಲ ಎಂಬುದು ಈ ಆಕ್ಷೇಪದ ತಿರುಳು. ಹಾಗೆಂದು ಅದು ಹೊಸ ಪ್ರಾಣಿಯ ಅಸ್ತಿತ್ವಕ್ಕೆ ಪುರಾವೆಯೂ ಆಗುವುದಿಲ್ಲ. ಇಂದಿನವರೆಗೆ ನಂದಿ ಕರಡಿಯದೆಂದು ಒಪ್ಪಬಹುದಾದ ಚರ್ಮವಾಗಲಿ ತಲೆಬುರುಡೆಯಾಗಲಿ ದೊರೆತಿಲ್ಲ. ಪ್ರಾಣಿಶಾಸ್ತ್ರವು ಅದನ್ನು ಪ್ರಭೇದವೆಂದು ಮನ್ನಿಸಿಲ್ಲ.

ಗ್ರಂಥಗಳು

ನಿವೃತ್ತಿಯ ನಂತರ ಪರ್ಸಿವಲ್ ಅವರ ಎರಡು ಗ್ರಂಥಗಳು ಲಂಡನ್ನಿನಿಂದ ಪ್ರಕಟವಾದವು. 'ಎ ಗೇಮ್ ರೇಂಜರ್ಸ್ ನೋಟ್ ಬುಕ್' 1924ರಲ್ಲಿಯೂ 'ಎ ಗೇಮ್ ರೇಂಜರ್ ಆನ್ ಸಫಾರಿ' 1928ರಲ್ಲಿಯೂ ಹೊರಬಂದವು. ಮೊದಲನೆಯದು ಪೂರ್ವ ಆಫ್ರಿಕಾದ ಮೃಗಗಳ ನಡೆ, ಆಹಾರ, ವಾಸಸ್ಥಾನಗಳ ಪ್ರತ್ಯಕ್ಷ ಅನುಭವದ ದಾಖಲೆ. ನಂದಿ ಕರಡಿಯ ವಿಚಾರವೂ ಅದರಲ್ಲಿದೆ. ಎರಡನೆಯದು ಹೆಸರೇ ಸೂಚಿಸುವಂತೆ ಸಂಚಾರಿ ಜೀವನಕ್ಕೆ ಸಂಬಂಧಿಸಿದ್ದು.

ಅಮೆರಿಕದ ಚಲನಚಿತ್ರಕಾರ ದಂಪತಿಗಳಾದ ಮಾರ್ಟಿನ್ ಮತ್ತು ಓಸಾ ಜಾನ್ಸನ್ ಅವರಿಗೆ ಉತ್ತರ ಕೀನ್ಯಾದ ಮಾರ್ಸಬಿಟ್ ಬೆಟ್ಟದ ಸರೋವರದ ವಿಷಯದಲ್ಲಿ ನೆರವಾದವರೂ ಪರ್ಸಿವಲ್ ಅವರೇ. ಜಾನ್ಸನ್ ದಂಪತಿಗಳು 1920ರ ದಶಕದಲ್ಲಿ ಅಲ್ಲಿ ನೆಲೆಸಿ ಆನೆ ಮೊದಲಾದ ಮೃಗಗಳನ್ನು ಚಿತ್ರೀಕರಿಸಿದರು. ಅವರು ಆ ಸರೋವರಕ್ಕೆ ಇಟ್ಟ ಪ್ಯಾರಡೈಸ್ ಎಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಅವರ ಹೆಸರನ್ನು ಹೊತ್ತ ಜೀವಿಗಳು

ಅರೇಬಿಯಾದ ಹಕ್ಕಿಯಲ್ಲದೆ ಕೆಳಗಿನ ಜೀವಿಗಳ ಹೆಸರಿನಲ್ಲಿಯೂ ಪರ್ಸಿವಲ್ ಅವರ ನೆನಪಿದೆ.

ಕ್ಲಿಯೋಟಿಸ್ ಪರ್ಸಿವಲಿ: ಮೂಗಿನ ಮೇಲೆ ತ್ರಿಶೂಲದಂತಹ ಎಲೆಯಾಕಾರವುಳ್ಳ ಪುಟ್ಟ ಬಾವಲಿ, ಮೊಂಬಾಸಾದ ಉತ್ತರದ ತಕಾವುಂಗು ಎಂಬಲ್ಲಿಯ ಮಾದರಿಯ ಆಧಾರದಿಂದ 1901ರಲ್ಲಿ ವರ್ಣಿಸಲ್ಪಟ್ಟಿತು.

ಒರಿಯೋಲಸ್ ಪರ್ಸಿವಲಿ: ಬೆಟ್ಟದ ಕಾಡುಗಳ ಕರಿತಲೆಯ ಹೊನ್ನಕ್ಕಿ, 1903.

ಅಕೋಮಿಸ್ ಪರ್ಸಿವಲಿ: ಮೈಮೇಲೆ ಮುಳ್ಳುಗೂದಲಿರುವ ಇಲಿ, 1911.

ಅಕೊಂಟಿಯಾಸ್ ಪರ್ಸಿವಲಿ: ಕಾಲಿಲ್ಲದ, ಹಾವಿನಂತೆ ಕಾಣುವ ಹಲ್ಲಿ ಜಾತಿಯ ಪ್ರಾಣಿ, 1935.

ನಿಧನ ಮತ್ತು ಮಹತ್ವ

ಪರ್ಸಿವಲ್ ಅವರು 1940ರಲ್ಲಿ ನಿಧನರಾದರು. ಅವರ ನಂತರ ಇಲಾಖೆಯನ್ನು ದೀರ್ಘಕಾಲ ನಡೆಸಿದವರು ಆರ್ಚಿ ರಿಚಿ. 1946ರಲ್ಲಿ ನೈರೋಬಿಯ ಅಂಚಿನಲ್ಲಿ ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಇಂದು ಆನೆಗಳಿಗೆ ಹೆಸರಾದ ಅಂಬೊಸೆಲಿಯೂ ಅಂದಿನ ದಕ್ಷಿಣ ಮೀಸಲಿಗೇ ಸೇರಿದ್ದ ಪ್ರದೇಶ. ಬೇಟೆಗಾರರಿಗೆ ಮೃಗಗಳನ್ನು ಉಳಿಸಿಡಲೆಂದು ಹುಟ್ಟಿದ ವ್ಯವಸ್ಥೆ ಕ್ರಮೇಣ ಮೃಗಗಳಿಗಾಗಿಯೇ ನೆಲವನ್ನು ಕಾಯುವ ವ್ಯವಸ್ಥೆಯಾಗಿ ಮಾರ್ಪಟ್ಟಿತು. ಆ ನೆಲದ ಮೂಲನಿವಾಸಿಗಳ ಹಕ್ಕಿನ ಪ್ರಶ್ನೆ ಮಾತ್ರ ಇನ್ನೂ ಜೀವಂತವಾಗಿದೆ.

ನಿಗೂಢ ಪ್ರಾಣಿಗಳ ವಿಚಾರದಲ್ಲಿ ಪರ್ಸಿವಲ್ ಅವರ ದಾಖಲೆ ವಿದ್ಯಾರ್ಥಿಗಳಿಗೆ ಇಂದಿಗೂ ಉಪಯುಕ್ತ. ಕಾಡಿನ ಜನರ ಮಾತನ್ನು ಮೂಢನಂಬಿಕೆಯೆಂದು ಅಲ್ಲಗಳೆದಿದ್ದರೆ ಒಕಾಪಿ ಇನ್ನಷ್ಟು ಕಾಲ ಅಜ್ಞಾತವಾಗಿ ಉಳಿಯುತ್ತಿತ್ತು. ಕೇಳಿದ್ದನ್ನೆಲ್ಲ ನಂಬಿದ್ದರೆ ಪ್ರಾಣಿಶಾಸ್ತ್ರದ ಪುಟಗಳು ಪಿಶಾಚಿಗಳಿಂದ ತುಂಬಿರುತ್ತಿದ್ದವು. ಮಾತನ್ನು ಗೌರವದಿಂದ ಕೇಳಿ, ಸಾಮ್ಯವನ್ನು ಬರೆದಿಟ್ಟು, ಸಾಕ್ಷ್ಯ ಬರುವವರೆಗೆ ತೀರ್ಪನ್ನು ತಡೆಹಿಡಿಯುವ ಮಾರ್ಗ ಈ ಎರಡರ ನಡುವಿನದು. ನಂದಿ ಕರಡಿಯ ವಿಷಯದಲ್ಲಿ ಪರ್ಸಿವಲ್ ಅವರು ಹಿಡಿದದ್ದು ಆ ಮಾರ್ಗವನ್ನು.